ಡಿಸ್ಕ್ ಅಗ್ಗ, ಕೂಲಿ ದುಬಾರಿ

ಖಾಲಿ ಡಿವಿಡಿಯ ಮೇಲೆ 4.7 ಜಿಬಿ ಎಂದು ಅಚ್ಚಾಗಿರುತ್ತಿತ್ತು. ಕಂಪ್ಯೂಟರಿಗೆ ಹಾಕಿದರೆ ತೋರಿಸುತ್ತಿದ್ದುದು 4.37. ಮೋಸವೇನಿಲ್ಲ, ತಯಾರಿಸಿದವರು ಕೆಬಿಯಿಂದ ಎಂಬಿಗೆ, ಎಂಬಿಯಿಂದ ಜಿಬಿಗೆ 1,000ದ ಲೆಕ್ಕ ಹಿಡಿದರೆ ವಿಂಡೋಸ್ 1,024ರ ಲೆಕ್ಕ ಹಿಡಿಯುತ್ತಿತ್ತು, ಅಷ್ಟೆ. ಆದರೂ 4.5 ಜಿಬಿಯ ಫೋಲ್ಡರ್ ಇಟ್ಟುಕೊಂಡು ಕೂತವನಿಗೆ, ಹಾಲಿನವನು ಅಳತೆಯಲ್ಲಿ ಕೈಚಳಕ ತೋರಿಸಿದನೆಂದೇ ಅನ್ನಿಸುತ್ತಿತ್ತು.

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಐವತ್ತು ಡಿಸ್ಕಿನ ಡಬ್ಬಿ ಕೊಂಡರೆ ಡಿಸ್ಕಿಗೆ ಹತ್ತು-ಹದಿನೈದು ರೂಪಾಯಿ ಬೀಳುತ್ತಿದ್ದ ಕಾಲವದು. 2004ರ ಸರ್ಕಾರಿ ನೀತಿಯ ಪ್ರಕಾರ ಸೆಕೆಂಡಿಗೆ 256 ಕಿಲೋಬಿಟ್ ಬಂದರೆ ಅದೇ ಬ್ರಾಡ್‌ಬ್ಯಾಂಡ್. ಆ ವೇಗದಲ್ಲಿ ಒಂದು ಡಿವಿಡಿಯಷ್ಟು ಸರಕು ಇಳಿಯಲು, ಕರೆಂಟು ಹೋಗದಿದ್ದರೆ, ನಲವತ್ತು ಗಂಟೆ. ಒಂದೇ ಲಕೋಟೆಯಲ್ಲಿ ನಾಲ್ಕು ಡಿಸ್ಕ್ ತುರುಕಿ ಹುಬ್ಬಳ್ಳಿಗೆ ಕಳಿಸಿದರೆ ಪೋಸ್ಟ್‌ಮ್ಯಾನ್ ಸೈಕಲ್ಲೇ ಗೆಲ್ಲುತ್ತಿತ್ತು. ಉಬುಂಟು ಎಂಬ ಪುಕ್ಕಟೆ ಆಪರೇಟಿಂಗ್ ಸಿಸ್ಟಮ್ಮಿನವರೂ 2011ರವರೆಗೆ ಕೇಳಿದವರ ಮನೆಗೆ ಪುಕ್ಕಟೆಯಾಗಿ ಸಿಡಿ ಕಳಿಸುತ್ತಿದ್ದರು.

ಆದರೆ ಒಂದು ಟೆರಾಬೈಟ್ ಹಂಚಬೇಕೆಂದರೆ? 213 ಡಿಸ್ಕ್. ತೂಕ ಸುಮಾರು ಮೂರೂವರೆ ಕೆಜಿ, ಹೊರುವುದು ಕಷ್ಟವಲ್ಲ. ದುಡ್ಡೂ ಎರಡು-ಮೂರು ಸಾವಿರದಲ್ಲಿ ಮುಗಿಯುತ್ತಿತ್ತು. ಕಷ್ಟವೆಲ್ಲ ಬರ್ನ್ ಮಾಡುವವನದು, ಅಂದರೆ ಕಂಪ್ಯೂಟರಿನಲ್ಲಿ ಕೂತು ಲೇಸರಿನಿಂದ ಡಿಸ್ಕಿಗೆ ಬರೆಸುವವನದು. 16ಎಕ್ಸ್, ಅಂದರೆ ಮೂಲ ವೇಗದ ಹದಿನಾರು ಪಟ್ಟಿನಲ್ಲೂ ಒಂದಕ್ಕೆ ಆರು ನಿಮಿಷ ಹಿಡಿದರೆ ಇಪ್ಪತ್ತೊಂದು ಗಂಟೆಯಾಯಿತು. ಸರಿಯಾಗಿ ಬರೆದಿದೆಯೇ ಎಂದು ವೆರಿಫೈ ಮಾಡಹೊರಟರೆ ಇನ್ನೊಂದು ಹಗಲೋ ರಾತ್ರಿಯೋ. ನಿದ್ದೆಗಣ್ಣಲ್ಲಿ ಟ್ರೇ ಎಳೆದು, ಮಾರ್ಕರಿನಲ್ಲಿ ನಂಬರ್ ಬರೆದು, ಮತ್ತೆ ಟ್ರೇ ತಳ್ಳಬೇಕು. ತೊಂಬತ್ತೆಂಟು ಪರ್ಸೆಂಟಿಗೆ ಬಂದು ಎರರ್ ಕೊಟ್ಟ ಡಿಸ್ಕನ್ನು ತೋಟದಲ್ಲಿ ಹಕ್ಕಿ ಬೆದರಿಸಲು ಕಟ್ಟಬಹುದು, ಇನ್ನೇನಕ್ಕೂ ಬಾರದು. ಎರಡು ಪದರದ 8.5 ಜಿಬಿಯದೂ ಸಿಗುತ್ತಿತ್ತು. ಆದರೆ ಅದರ ಬೆಲೆ ಮಾಮೂಲಿ ಡಿಸ್ಕ್ ಎರಡು ಕೊಂಡರೂ ಮಿಗುವಷ್ಟು. ಕೆಟ್ಟರೆ ಹೊಟ್ಟೆಯುರಿಯೂ ಹಾಗೇ ಜಾಸ್ತಿ.

ಸಾವಿರಗಟ್ಟಲೆ ಪ್ರತಿ ಬೇಕೆಂದವರು ಕಾರ್ಖಾನೆಗೇ ಹೋಗುತ್ತಿದ್ದರು. ಅಲ್ಲಿ ಒಂದೊಂದು ಡಿಸ್ಕನ್ನೂ ಲೇಸರಿನಿಂದ ಬರೆಯುವ ಮಾತಿಲ್ಲ. ಮೊದಲು ಲೇಸರಿನಿಂದ ಒಂದು ಗಾಜಿನ ಮಾಸ್ಟರ್, ಅದರಿಂದ ಲೋಹದ ಅಚ್ಚು, ಆಮೇಲೆ ಒಂದೊಂದು ಪ್ರತಿಗೂ ಕೆಲವೇ ಸೆಕೆಂಡು. ಆದರೆ ಆ ಅಚ್ಚಿನ ಖರ್ಚು ಹತ್ತು ಪ್ರತಿಗೂ ಅಷ್ಟೇ, ಹತ್ತು ಸಾವಿರಕ್ಕೂ ಅಷ್ಟೇ. ಐವತ್ತು ಪ್ರತಿ ಬೇಕಾದ ಕಾಲೇಜು ಸಂಘದವರಿಗೆ ಬರ್ನರ್ ಇರುವ ಗೆಳೆಯನೇ ಗತಿ. ಅವನಿಗೆ ಸಲ್ಲುತ್ತಿದ್ದುದು ಒಂದು ಮಸಾಲೆ ದೋಸೆ. ಖಜಾಂಚಿ ಅದನ್ನೂ ‘ಇತರೆ’ ಎಂದೇ ಬರೆದುಕೊಳ್ಳುತ್ತಿದ್ದ.