ಮುಪ್ಪಿಗೆ ಜೀನ್ ಚಿಕಿತ್ಸೆ ಬೇಕಾ?

ಪರ

ತೀರ್ಥಹಳ್ಳಿ ಕಡೆ ಎಷ್ಟೋ ಮನೆಗಳಲ್ಲಿ ಈಗ ಇರುವುದು ಅಜ್ಜ, ಅಜ್ಜಿ ಇಬ್ಬರೇ. ಮಕ್ಕಳು ಬೆಂಗಳೂರು ಸೇರಿದ್ದಾರೆ. ಅಡಿಕೆ ಸುಲಿಯಲು ಮೆಟ್ಟುಗತ್ತಿ ಮುಂದೆ ಕೂತರೆ ಅಜ್ಜನಿಗೆ ಕಣ್ಣು ಮಂಜು. ತೋಟದ ಧರೆಯ ಏರು ಹತ್ತಲು ಮಂಡಿ ಬಿಡುವುದಿಲ್ಲ. "ವಯಸ್ಸಾಯ್ತಲ್ಲ" ಅಂತ ಎಲ್ಲರೂ ಸುಮ್ಮನಾಗುತ್ತಾರೆ. ಯಾಕೆ ಸುಮ್ಮನಾಗಬೇಕು? ಜೀವಕೋಶದೊಳಗಿನ ಜೀನನ್ನೇ ತಿದ್ದುವ ಅಥವಾ ಹೊಸದಾಗಿ ಸೇರಿಸುವ ಜೀನ್ ಚಿಕಿತ್ಸೆಯನ್ನು ಮುಪ್ಪಿಗೂ ಯಾಕೆ ನೋಡಬಾರದು?

1993ರಲ್ಲಿ ಅಮೆರಿಕದ ವಿಜ್ಞಾನಿ ಸಿಂಥಿಯಾ ಕೆನ್ಯನ್ ತಂಡ ಒಂದು ಮಿಲಿಮೀಟರ್ ಉದ್ದದ ಹುಳುವಿನ ಮೇಲೆ ಕೆಲಸ ಮಾಡಿತು. ಡ್ಯಾಫ್-2 ಎಂಬ ಒಂದೇ ಜೀನಿನ ಕೆಲಸ ಕುಂದಿದರೆ ಹುಳುವಿನ ಆಯಸ್ಸು ದುಪ್ಪಟ್ಟಾಗುತ್ತಿತ್ತು. ಬರೀ ಜೀವ ಹಿಡಿದುಕೊಂಡಿದ್ದಲ್ಲ, ಚುರುಕಾಗಿ ಓಡಾಡಿಕೊಂಡಿತ್ತು. ಹುಳು ಎಲ್ಲಿ, ಮನುಷ್ಯ ಎಲ್ಲಿ ಅಂತೀರಾ? ಸರಿ, ಇಲಿಗೆ ಬನ್ನಿ. 2006ರಲ್ಲಿ ಜಪಾನಿನ ವಿಜ್ಞಾನಿ ಶಿನ್ಯಾ ಯಮನಾಕ ನಾಲ್ಕು ಜೀನ್ ಬಳಸಿ ಬೆಳೆದ ಜೀವಕೋಶವನ್ನು ಭ್ರೂಣದ ಕೋಶದಂತೆ ಮಾಡಿದರು. ಅದರಲ್ಲಿ ಮೂರನ್ನಷ್ಟೇ ಬಳಸಿ 2020ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದವರು ಇಲಿಗಳ ಕಣ್ಣಿನ ನರ ಚಿಗುರಿಸಿದರು. ಮುದಿ ಇಲಿಗಳ ದೃಷ್ಟಿಯೂ ಸುಧಾರಿಸಿತು. ಅಜ್ಜ ಕೇಳುತ್ತಿರುವುದು 150 ವರ್ಷ ಅಲ್ಲ. ಇರುವಷ್ಟು ದಿನ ತೋಟಕ್ಕೆ ಹೋಗಿಬರುವಷ್ಟು ಶಕ್ತಿ.

ವಿರೋಧ

ಇಲಿ ಕಥೆ ಅರ್ಧ ಆಯ್ತು. ನಾಲ್ಕರಲ್ಲಿ ಮೂರೇ ಯಾಕೆ? ಬಿಟ್ಟ ಒಂದು ಸಿ-ಮಿಕ್, ಕ್ಯಾನ್ಸರ್‌ಗೆ ದಾರಿ ಮಾಡುವ ಜೀನ್. ನಾಲ್ಕನ್ನೂ ಇಲಿಯ ಮೈಯಲ್ಲಿ ಬಿಡದೆ ಚಾಲೂ ಇಟ್ಟರೆ ಗಡ್ಡೆ ಏಳುತ್ತವೆ. ಟೆಲೋಮಿಯರ್ ಕಥೆಯೂ ಹಾಗೇ. ಕೋಶ ಒಡೆದು ಎರಡಾದಾಗಲೆಲ್ಲ ವರ್ಣತಂತುವಿನ ಈ ತುದಿ ಸವೆಯುತ್ತದೆ, ಟೆಲೋಮರೇಸ್ ಎಂಬ ಕಿಣ್ವ ಅದನ್ನು ಮತ್ತೆ ಕಟ್ಟುತ್ತದೆ. ಒಳ್ಳೆಯದೇ ಅಲ್ವಾ? ಆದರೆ ಹತ್ತರಲ್ಲಿ ಎಂಟೊಂಬತ್ತು ಕ್ಯಾನ್ಸರ್‌ಗಳು ಸಾಯದೆ ಬೆಳೆಯುವುದೂ ಅದರ ಬಲದಿಂದಲೇ. ಎಲೆ-ಅಡಿಕೆ ಕವಳ ಹಾಕುವ ನಮ್ಮೂರುಗಳಲ್ಲಿ ಕ್ಯಾನ್ಸರ್ ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ.

ಎಳೆತನದಲ್ಲೇ ಮುಪ್ಪು ತರುವ ಪ್ರೊಜೀರಿಯಾ ಕಾಯಿಲೆಯ ಮಕ್ಕಳ ವಿಷಯ ಬೇರೆ. ಅಲ್ಲಿ ಒಂದು ಜೀನಿನ ಒಂದೇ ಅಕ್ಷರ ತಪ್ಪಿರುತ್ತದೆ, ತಿದ್ದಲಿ. ಅಜ್ಜನ ಮುಪ್ಪಿನಲ್ಲಿ ತಿದ್ದಲು ಅಂಥ ಒಂದು ತಪ್ಪು ಎಲ್ಲಿದೆ? ಅಂದಹಾಗೆ, ಅವರ ಕಣ್ಣಿಗೆ ಬಂದಿರುವುದು ಪೊರೆ ಆಗಿದ್ದರೆ ಜೀನೂ ಬೇಡ, ಇಲಿಯೂ ಬೇಡ. ಶಿವಮೊಗ್ಗಕ್ಕೆ ಹೋಗಿ ಆಪರೇಷನ್ ಮಾಡಿಸಿದರೆ ಸಾಕು.

ದುಡ್ಡಿನದು ಬೇರೆ ಮಾತು. ಕುಡುಗೋಲು ಕಣ ರಕ್ತಹೀನತೆಗೆ 2023ರಲ್ಲಿ ಒಪ್ಪಿಗೆ ಸಿಕ್ಕ ಕ್ರಿಸ್ಪರ್ ಚಿಕಿತ್ಸೆಗೆ, ಅಂದರೆ ಜೀನನ್ನು ಕತ್ತರಿಸಿ ತಿದ್ದುವ ಚಿಕಿತ್ಸೆಗೆ, ಆಗ ಅಮೆರಿಕದಲ್ಲಿ ಇಟ್ಟ ಬೆಲೆ 22 ಲಕ್ಷ ಡಾಲರ್. ತೋಟ ಮಾರಿದರೂ ಸಾಲದು.

ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಗೊತ್ತಾಗಿದ್ದು 1957ರಲ್ಲಿ. ಅದಕ್ಕೇ ಅಂತ ಒಂದು ಔಷಧಿ ಇವತ್ತಿಗೂ ಇಲ್ಲ. ದರಕು (ಒಣ ಎಲೆ) ತರಲು ಕಾಡಿಗೆ ಹೋಗುವವರು ಅದನ್ನು ಹರಡುವ ಉಣುಗು ಕಚ್ಚದಂತೆ ಕೈಕಾಲಿಗೆ ಡೆಪಾ ಎಣ್ಣೆ ಹಚ್ಚಿಕೊಳ್ಳಬೇಕು, ಅಷ್ಟೇ. ಸಂಶೋಧನೆಗೆ ದುಡ್ಡು ಹಾಕುವುದಾದರೆ ನಾನು ಮೊದಲು ಇದಕ್ಕೆ ಕೇಳುತ್ತೇನೆ.