ಒಂದು ದಿನ ರಜೆ ಕೇಳಿದ ರಾಕ್ಷಸ

"ಮನೆಮಂದಿಯೆಲ್ಲ ಕೂತು ನೋಡುವಂಥಾದ್ದಾ?" ನಮ್ಮ ಗದಗಿನ ಕಡೆ ಯಾವ ಸಿನಿಮಾದ ಹೆಸರು ಹೇಳಿದರೂ ಮೊದಲು ಬರುವ ಪ್ರಶ್ನೆ ಇದು. ಕಥೆ ಏನು, ಹೀರೋ ಯಾರು ಅನ್ನೋದೆಲ್ಲ ಆಮೇಲೆ. ಅವ್ವ, ಭಾವ, ಮಕ್ಕಳು ಎಲ್ಲರೂ ಒಂದೇ ಪಡಸಾಲೆಯಲ್ಲಿ ಕೂತಿರುವಾಗ ಯಾರಾದರೂ ಗಡಿಬಿಡಿಯಲ್ಲಿ ರಿಮೋಟ್ ಹುಡುಕುವ ಹೊತ್ತು ಬರುತ್ತಾ ಅಂತ ಕೇಳುವವರ ಚಿಂತೆ.

ಬೇಸಿಗೆ ರಜೆಗೆ ಅಕ್ಕನ ಮಕ್ಕಳು ಬಂದಾಗ 'ಶ್ರೆಕ್ ಫಾರೆವರ್ ಆಫ್ಟರ್' ಅನ್ನೋ ಆ್ಯನಿಮೇಷನ್ ಸಿನಿಮಾ ಹಾಕಿದೆವು. 2001ರಲ್ಲಿ ಶುರುವಾದ, ಶ್ರೆಕ್ ಅನ್ನೋ ಹಸಿರು ರಾಕ್ಷಸನ ಕಥೆಗೆ ಇದೇ ಕೊನೆ ಅಂತ ಹೇಳಿಕೊಂಡು 2010ರಲ್ಲಿ ಬಂದ ನಾಲ್ಕನೇ ಚಿತ್ರ ಇದು. ಅಮೆರಿಕದಲ್ಲಿ ಇದಕ್ಕೆ 'ಪಿಜಿ' ಕೊಟ್ಟಿದ್ದಾರೆ, ಅಂದರೆ ಹಿರಿಯರು ಪಕ್ಕದಲ್ಲಿದ್ದರೆ ಒಳ್ಳೆಯದು ಅಂತ. ಒಂದಿಷ್ಟು ಹೊಡೆದಾಟ, ಒಂದಿಷ್ಟು ಹೊಲಸು ತಮಾಷೆ, ಅಷ್ಟೇ. ನಮ್ಮಲ್ಲೂ 2024ರಿಂದ ಸೆನ್ಸಾರಿನ ಯುಎ ಸರ್ಟಿಫಿಕೇಟಿನ ಒಳಗೇ 7, 13, 16 ಅಂತ ವಯಸ್ಸಿನ ಮೆಟ್ಟಿಲು ಮಾಡಿದ್ದಾರೆ. ಮಾಡಲಿ ಬಿಡಿ. ಆದರೆ ಬನಶಂಕರಿ ಜಾತ್ರೆಯ ನಾಟಕ ಕಂಪನಿಗಳ ಟೆಂಟಿನಲ್ಲಿ ಕೂತು ಬೆಳೆದವರಿಗೆ ಈ ಲೆಕ್ಕ ಸ್ವಲ್ಪ ನಗು ತರಿಸುತ್ತೆ. ಅಲ್ಲಿ ಹಾಸ್ಯದ ಪಾತ್ರಧಾರಿ ಎರಡರ್ಥದ ಮಾತು ಬಿಟ್ಟಾಗ ಗಂಡಸರು ಗೊಳ್ಳೆಂದು ನಗುತ್ತಾರೆ, ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ಇನ್ನೂ ಜಾಸ್ತಿ ನಗುತ್ತಾರೆ, ಮಕ್ಕಳು ತೊಡೆಯ ಮೇಲೆ ನಿದ್ದೆ ಹೊಡೆಯುತ್ತಿರುತ್ತವೆ. ಅದೂ ಮನೆಮಂದಿಯೆಲ್ಲ ನೋಡುವಂಥಾದ್ದೇ.

ಹಾಗಾಗಿ ಈ ಸಿನಿಮಾದ ಹೂಸು-ತೇಗಿನ ತಮಾಷೆಗೆ ನಮ್ಮ ಪಡಸಾಲೆ ಅಲ್ಲಾಡಲಿಲ್ಲ. ಮುತ್ತಿನ ದೃಶ್ಯಕ್ಕೂ ಯಾರೂ ರಿಮೋಟಿಗೆ ಕೈ ಹಾಕಲಿಲ್ಲ. ಅದೇ ಮುತ್ತನ್ನು ಇಬ್ಬರು ಮನುಷ್ಯರು ಕೊಟ್ಟಿದ್ದರೆ ಅಷ್ಟೊತ್ತಿಗೆ ಯಾರಿಗೋ ನೀರಡಿಕೆ ಆಗಿರುತ್ತಿತ್ತು, ಇನ್ಯಾರಿಗೋ ಫೋನ್ ಬಂದಿರುತ್ತಿತ್ತು. ಹಸಿರು ಬಣ್ಣ ಬಳಿದು ಕಿವಿ ತುತ್ತೂರಿ ಮಾಡಿದರೆ ಎಲ್ಲ ಮಾಫಿ!

ಮುಜುಗರ ಬಂದದ್ದು ಬೇರೆ ಕಡೆಯಿಂದ. ಸಿನಿಮಾ ಶುರುವಾಗುವಾಗ ಶ್ರೆಕ್‌ಗೆ ಎಲ್ಲ ಇದೆ. ಪ್ರೀತಿಸುವ ಹೆಂಡತಿ ಫಿಯೋನಾ, ಮೂರು ಕೂಸು, ಹೊತ್ತಿಲ್ಲ ಗೊತ್ತಿಲ್ಲ ಬರುವ ಗೆಳೆಯರು. ಬೆಳಗಾದರೆ ಕೂಸುಗಳು ಎಬ್ಬಿಸುತ್ತವೆ, ಅವುಗಳ ಡೈಪರ್ ಬದಲಿಸಬೇಕು, ಕಕ್ಕಸು ಕಟ್ಟಿಕೊಂಡಿರುತ್ತೆ, ಮರುದಿನ ಮತ್ತೆ ಅದೇ. ಅದೇ ದಿನಚರಿಯನ್ನು ಬೇಗ ಬೇಗ ಸುತ್ತಿ ಸುತ್ತಿ ತೋರಿಸುತ್ತಾರೆ, ಒಂದೊಂದು ಸುತ್ತಿಗೂ ಅವನ ಮುಖ ಸ್ವಲ್ಪ ಸ್ವಲ್ಪ ಇಳಿಯುತ್ತೆ. ಮಕ್ಕಳ ಹುಟ್ಟುಹಬ್ಬದಲ್ಲಿ ಒಬ್ಬ ಪುಟ್ಟ ಹುಡುಗ ಗರ್ಜಿಸು ಗರ್ಜಿಸು ಅಂತ ಬೆನ್ನು ಹತ್ತುತ್ತಾನೆ. ಕೊನೆಗೆ ಶ್ರೆಕ್ ಗರ್ಜಿಸಿಯೂ ಬಿಡುತ್ತಾನೆ, ಕೇಕಿಗೆ ಗುದ್ದಿಯೂ ಬಿಡುತ್ತಾನೆ. ಹೊರಗೆ ಬಂದು ಹೆಂಡತಿ ಕೇಳಿದಾಗ ಹೇಳಬಾರದ್ದನ್ನು ಹೇಳುತ್ತಾನೆ: ನಿನ್ನನ್ನು ಕೋಟೆಯಿಂದ ಬಿಡಿಸಿ ತರುವ ಮುಂಚೆ ಇದ್ದ ಹಾಗೆ ಇರಬೇಕು ಅಂತ.

ನಮ್ಮ ಪಡಸಾಲೆಯಲ್ಲಿ ಆಗ ಗಿರ್ಮಿಟ್ ಅಗಿಯುವ ಸಪ್ಪಳ ಮಾತ್ರ. ಅಕ್ಕ ಟಿವಿ ನೋಡುತ್ತಿದ್ದಳು, ಆದರೆ ಎಷ್ಟು ಗಟ್ಟಿಯಾಗಿ ನೋಡುತ್ತಿದ್ದಳು ಅಂದರೆ ಪಕ್ಕಕ್ಕೆ ತಿರುಗಲೇಬಾರದು ಅಂತ ಶಪಥ ಮಾಡಿದವಳ ಹಾಗೆ. ಮಕ್ಕಳಿಗೆ ಇದ್ಯಾವುದೂ ತಟ್ಟಲಿಲ್ಲ, ಅವು ಕೇಕು ಹಾಳಾಯ್ತಲ್ಲ ಅಂತ ಮರುಗುತ್ತಿದ್ದವು.

ಆಮೇಲೆ ರಂಪಲ್‌ಸ್ಟಿಲ್ಟ್‌ಸ್ಕಿನ್ ಅನ್ನೋ ಕುಳ್ಳ ಕರಾರುಪತ್ರ ಹಿಡಿದು ಬರುತ್ತಾನೆ. ಒಂದು ದಿನ ಹಳೇ ರಾಕ್ಷಸನಾಗಿ ಮೆರೆ, ಬದಲಿಗೆ ನಿನಗೆ ನೆನಪೇ ಇಲ್ಲದ ಎಳವೆಯ ಒಂದು ದಿನ ಕೊಡು. ಶ್ರೆಕ್ ಸಹಿ ಹಾಕುತ್ತಾನೆ. ಆ ಕುಳ್ಳ ತೆಗೆದುಕೊಂಡದ್ದು ಶ್ರೆಕ್ ಹುಟ್ಟಿದ ದಿನವನ್ನೇ. "ಓದದs ಸಹಿ ಮಾಡ್ಯಾನ ನೋಡು ಖೋಡಿ" ಅಂತ ಅವ್ವ ಅಂದಳು. ಸಾವಕಾರರ ಕಾಗದ, ಬ್ಯಾಂಕಿನ ಕಾಗದ ಎರಡನ್ನೂ ಕಂಡವಳು, ಅವಳಿಗೆ ಆ ಕುಳ್ಳನ ಕಡೆಯ ಮಾಟಗಾತಿಯರಿಗಿಂತ ಆ ಕಾಗದವೇ ಹೆದರಿಕೆ ಹುಟ್ಟಿಸಿತು.

ಶ್ರೆಕ್ ಹುಟ್ಟೇ ಇಲ್ಲದ ಲೋಕದಲ್ಲಿ ಫಿಯೋನಾ ರಾಕ್ಷಸರ ದಂಡಿನ ನಾಯಕಿ. ಅವಳಿಗೆ ಇವನ ಗುರುತೇ ಇಲ್ಲ. ನಿಜವಾದ ಪ್ರೀತಿಯ ಮುತ್ತು ಸಿಕ್ಕರೆ ಕರಾರು ಮುರಿಯುತ್ತೆ, ಆದರೆ ಮೊದಲ ಮುತ್ತಿಗೆ ಏನೂ ಆಗೋದಿಲ್ಲ, ಯಾಕಂದರೆ ಅವಳಿಗೆ ಇವನ ಮೇಲೆ ಪ್ರೀತಿಯೇ ಇಲ್ಲ. ಇಡೀ ಚಿತ್ರದಲ್ಲಿ ನನಗೆ ಹಿಡಿಸಿದ್ದು ಇದು. ಮದುವೆಯಾಗಿ ಮಕ್ಕಳಾದ ಗಂಡಸು ಹೆಂಡತಿಯ ಪ್ರೀತಿಯನ್ನು ಮೊದಲಿನಿಂದ ಗಳಿಸಬೇಕು ಅನ್ನೋದನ್ನು ನಮ್ಮ ಸಾಂಸಾರಿಕ ಸಿನಿಮಾಗಳು ಎಷ್ಟು ಸಲ ಹೇಳಿವೆ? ಅಲ್ಲಿ ಮೂರನೇ ರೀಲಿಗೆ ಅತ್ತೆ ಬಂದು ಬುದ್ಧಿ ಹೇಳಿ ಮುಗಿಸಿಬಿಡುತ್ತಾಳೆ. ಮೊದಲ ಎರಡು ಚಿತ್ರಗಳ ಚುರುಕು ಇದರಲ್ಲಿಲ್ಲ, ಒಪ್ಪುತ್ತೇನೆ. ನಗು ಕಡಿಮೆ, ಬಣ್ಣವೂ ಮಂಕು. ಶ್ರೆಕ್‌ನ ಗೆಳೆಯ ಬೂಟಿನ ಬೆಕ್ಕು ಆ ಲೋಕದಲ್ಲಿ ತಿಂದು ತಿಂದು ಡೊಳ್ಳಾಗಿ ತನ್ನ ಬೂಟೇ ಬಿಟ್ಟಿರೋದಕ್ಕೆ ಮಾತ್ರ ಮಕ್ಕಳು ಉರುಳಾಡಿ ನಕ್ಕವು.

ಹಾಗಾಗಿ ಯಾರಾದರೂ ಕೇಳಿದರೆ ಮಕ್ಕಳ ಮಟ್ಟಿಗೆ ನಾನು ಧಾರಾಳವಾಗಿ ಹೂಂ ಅಂತೀನಿ. ತೀರಾ ಸಣ್ಣವು ಇದ್ದರೆ ಮಾಟಗಾತಿಯರು ಪೊರಕೆ ಹತ್ತಿ ಬೆನ್ನಟ್ಟುವಾಗ ತೊಡೆ ಮೇಲೆ ಕೂರಿಸಿಕೊಳ್ಳಿ. ದೊಡ್ಡವರಿಗೆ ಒಂದೇ ಷರತ್ತು, ಹುಟ್ಟುಹಬ್ಬದ ದೃಶ್ಯ ಮುಗಿಯುವ ತನಕ ಯಾರೂ ಜಾಗ ಬಿಟ್ಟು ಏಳಬಾರದು. ನಮ್ಮ ಭಾವ ಸರಿಯಾಗಿ ಆಗಲೇ ಎದ್ದು, ಎಲ್ಲರಿಗೂ ನಾನೇ ಚಹಾ ಮಾಡ್ತೀನಿ ಅಂತ ಅಡುಗೆಮನೆಗೆ ಹೋದರು. ಸಕ್ಕರೆ ಡಬ್ಬಿ ಎಲ್ಲಿದೆ ಅಂತ ಅಲ್ಲಿಂದ ಯಾರನ್ನೂ ಕೇಳಲೂ ಇಲ್ಲ.