ಹತ್ತನೇ ತರಗತಿಗೆ ಬೆಳಿಗ್ಗೆ ಆರೂವರೆಯ ಕ್ಲಾಸ್ ಬೇಕಾ?

ಪರ
(ಸರ್ಕಾರಿ ಪ್ರೌಢಶಾಲೆಯ ಗಣಿತ ಶಿಕ್ಷಕ, ಆಲೂರು ತಾಲೂಕು)

ಪರವಾಗಿ ಬರೆಯಿರಿ ಅಂತ ಕೇಳಿದರು, ಒಪ್ಪಿಕೊಂಡೆ. ಹನ್ನೊಂದು ವರ್ಷದಿಂದ ಬೆಳಗಿನ ಕ್ಲಾಸ್ ತೆಗೆದುಕೊಳ್ಳುತ್ತಿದ್ದೇನೆ. ಅದು ಬೇಡ ಅಂತ ನಾನೇ ಹೇಳುವುದು ಹೇಗೆ?

ನಮ್ಮ ಮಕ್ಕಳಿಗೆ ಟ್ಯೂಷನ್ ಇಲ್ಲ. ಇದು ಎಲ್ಲಕ್ಕಿಂತ ದೊಡ್ಡ ಕಾರಣ. ಹಾಸನ ಪೇಟೆಯ ಹುಡುಗ ಸಂಜೆ ಟ್ಯೂಷನ್‌ಗೆ ಹೋಗುತ್ತಾನೆ. ಕಾಫಿ ತೋಟದ ಕೂಲಿಯವರ ಲೈನ್ ಮನೆಯ ಹುಡುಗನಿಗೆ ಏನಿದೆ? ಒಂದೇ ಕೋಣೆ. ಒಲೆ, ಟಿವಿ, ಐದು ಜನರ ಹಾಸಿಗೆ ಎಲ್ಲ ಅದರಲ್ಲೇ. ಅಲ್ಲಿ ಕೂತು ಪೈಥಾಗೊರಸ್ ಪ್ರಮೇಯ ಕಲಿಯುವುದು ಹೇಗೆ? ಶಾಲೆಗೆ ಬಂದರೆ ಬೆಂಚು ಇದೆ, ಲೈಟ್ ಇದೆ, ಗೊತ್ತಾಗದ್ದನ್ನು ಕೇಳಲು ಮೇಷ್ಟ್ರು ಇದ್ದಾರೆ. ಟ್ಯೂಷನ್ ಇಲ್ಲದ ಮಕ್ಕಳಿಗೆ ಇದೇ ಟ್ಯೂಷನ್.

ಒತ್ತಡ ಅಂದ ಕೂಡಲೇ ಹೆದರಬೇಕಾಗಿಲ್ಲ. 1908ರಲ್ಲಿ ಯರ್ಕ್ಸ್ ಮತ್ತು ಡಾಡ್ಸನ್ ಎಂಬ ಇಬ್ಬರು ವಿಜ್ಞಾನಿಗಳು ಇಲಿಗಳ ಮೇಲೆ ಪ್ರಯೋಗ ಮಾಡಿದರು. ಕಷ್ಟದ ಕೆಲಸ ಕಲಿಯುವಾಗ ಒತ್ತಡ ತೀರಾ ಕಡಿಮೆ ಇದ್ದರೂ ಕಲಿಕೆ ನಿಧಾನ, ತೀರಾ ಜಾಸ್ತಿ ಇದ್ದರೂ ನಿಧಾನ. ನಡುವಿನದು ಒಳ್ಳೆಯದು. ಬಿ.ಎಡ್‌ನಲ್ಲಿ ಓದಿದ ಈ ಪಾಠವನ್ನು ತರಗತಿಯಲ್ಲಿ ಪ್ರತಿವರ್ಷ ನೋಡುತ್ತೇನೆ.

2019ರಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ಹಾಸನ ಜಿಲ್ಲೆ ಶೇ 89.33 ಫಲಿತಾಂಶ ಪಡೆದು ರಾಜ್ಯಕ್ಕೇ ಮೊದಲು ಬಂತು. ಆ ವರ್ಷ ಬೆಳಿಗ್ಗೆ ಐದಕ್ಕೆ ಮಕ್ಕಳ ಮನೆಗೆ ಫೋನ್ ಮಾಡಿ ಎಬ್ಬಿಸಿದವರಲ್ಲಿ ನಾನೂ ಒಬ್ಬ. ಸುಮ್ನೆ ಬಂದ ಸ್ಥಾನ ಅಲ್ಲ ಅದು.

ನಿದ್ದೆ ಹಾಳಾಗುತ್ತದೆ ಅನ್ನುವ ತಂದೆತಾಯಿಗೆ ಒಂದೇ ಮಾತು: ಮೊಬೈಲ್ ತೆಗೆದಿಟ್ಟು ಒಂಬತ್ತಕ್ಕೆ ಮಲಗಿಸಿ.

ಕ್ಲಾಸನ್ನು ಸಂಜೆ ಇಟ್ಟರೆ ಆಗದಾ ಅಂದರೆ, ಆಗುತ್ತದೆ. ನನಗೂ ಅದೇ ಇಷ್ಟ. ಆದರೆ ಸಂಜೆಯ ಬಸ್ ತಪ್ಪಿದರೆ ನಮ್ಮ ಮಕ್ಕಳಿಗೆ ಮನೆ ಸೇರಲು ದಾರಿ ಇಲ್ಲ. ಬೆಳಿಗ್ಗೆಯಾದರೆ ಹಾಲಿನ ಗಾಡಿ ಸಿಗುತ್ತದೆ. ಕೊನೆ ಬೆಂಚಿನಲ್ಲಿ ತೂಕಡಿಸುವವರನ್ನು ಈಗೀಗ ನಾನು ಎಬ್ಬಿಸುವುದಿಲ್ಲ, ಹಾಗೇ ಬಿಡುತ್ತೇನೆ.

ವಿರೋಧ
(ಸ್ಟಾಫ್ ನರ್ಸ್, ಸಕಲೇಶಪುರ ತಾಲೂಕು)

ನನ್ನ ಮಗಳಿಗೆ ಹತ್ತನೇ ತರಗತಿಯಲ್ಲಿ ಮೂರು ತಿಂಗಳು ಮುಟ್ಟು ನಿಂತಿತ್ತು. ಅವಳನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. "ಬರಿಯಮ್ಮ, ಅದರಲ್ಲಿ ನಾಚಿಕೆ ಏನು" ಅಂದಳು.

ಅಕ್ಟೋಬರ್‌ನಲ್ಲಿ ಬೆಳಗಿನ ಕ್ಲಾಸ್ ಶುರುವಾಯಿತು. ಮನೆಯಿಂದ ಶಾಲೆಗೆ ಆರು ಕಿಲೋಮೀಟರ್. ಐದಕ್ಕೆ ಏಳಬೇಕು. ಹೋಂವರ್ಕ್ ಮುಗಿಯುವಾಗ ರಾತ್ರಿ ಹನ್ನೊಂದೂವರೆ. ಅಷ್ಟು ಬೇಗ ತಿಂಡಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಕಟ್ಟಿಕೊಟ್ಟ ಡಬ್ಬಿಯೂ ಹಾಗೇ ವಾಪಸ್ ಬರುತ್ತಿತ್ತು. ಪ್ರತಿ ಸೋಮವಾರ ಟೆಸ್ಟ್. ಪ್ರತಿ ಸೋಮವಾರ ಹೊಟ್ಟೆನೋವು. ಗ್ಯಾಸ್ಟ್ರಿಕ್ ಇರಬೇಕು ಅಂತ ಮಾತ್ರೆ ಕೊಟ್ಟೆ. ದಿನವಿಡೀ ಬೇರೆಯವರ ಬಿ.ಪಿ., ಜ್ವರ ನೋಡುವ ನಾನು ಮಗಳ ಮುಖ ಸರಿಯಾಗಿ ನೋಡಿರಲಿಲ್ಲ. ಈಗಲೂ ಆ ನೋವು ಇದೆ.

ಜನವರಿಯಲ್ಲಿ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ. ಸ್ಕ್ಯಾನಿಂಗ್ ನಾರ್ಮಲ್. ಥೈರಾಯ್ಡ್ ನಾರ್ಮಲ್. ತೂಕ ಮಾತ್ರ ನಾಲ್ಕು ಕೆಜಿ ಇಳಿದಿತ್ತು. ಡಾಕ್ಟರ್ ನನ್ನನ್ನು ಬಿಟ್ಟು ಅವಳನ್ನೇ ಕೇಳಿದರು: "ಎಷ್ಟು ಹೊತ್ತು ಮಲಗ್ತೀಯಮ್ಮಾ?" ಅವಳು ಅಳಲು ಶುರು ಮಾಡಿದಳು.

ಮಿದುಳಿನಲ್ಲಿ ಹೈಪೊಥಲಾಮಸ್ ಅಂತ ಒಂದು ಪುಟ್ಟ ಭಾಗ ಇದೆ. ತಿಂಗಳ ಮುಟ್ಟಿಗೆ ಸೂಚನೆ ಹೊರಡುವುದು ಅಲ್ಲಿಂದ. ಭಯವಾದಾಗ ದೇಹವನ್ನು ಎಚ್ಚರಿಸುವ ಸೂಚನೆಯೂ ಅಲ್ಲಿಂದಲೇ. ಅದು ಪಿಟ್ಯುಟರಿ ಗ್ರಂಥಿಗೆ ಹೇಳುತ್ತದೆ, ಪಿಟ್ಯುಟರಿ ಕಿಡ್ನಿಯ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗೆ ಹೇಳುತ್ತದೆ. ಅಲ್ಲಿಂದ ಕಾರ್ಟಿಸೋಲ್ ಎಂಬ ಒತ್ತಡದ ಹಾರ್ಮೋನು ಬರುತ್ತದೆ. ದಾರಿಯಲ್ಲಿ ಆನೆ ಎದುರಾದರೆ ಓಡಿ ಜೀವ ಉಳಿಸಿಕೊಳ್ಳಲು ಇದೆಲ್ಲ ಬೇಕೇ ಬೇಕು. ಆನೆ ಕಾಡಿಗೆ ಹೋದಮೇಲೆ ದೇಹವೂ ತಣ್ಣಗಾಗುತ್ತದೆ. ಸೋಮವಾರದ ಟೆಸ್ಟ್ ಹಾಗೆ ಹೋಗುವುದಿಲ್ಲವಲ್ಲ. ಅದು ವಾರ ವಾರ ಬರುತ್ತದೆ. ಊಟ ಕಡಿಮೆಯಾಗಿ, ನಿದ್ದೆ ಕಡಿಮೆಯಾಗಿ, ಭಯ ಮಾತ್ರ ಜಾಸ್ತಿಯಾದರೆ ದೇಹ ತುರ್ತಿಗೆ ಬೇಡದ ಕೆಲಸಗಳನ್ನು ಒಂದೊಂದಾಗಿ ನಿಲ್ಲಿಸುತ್ತದೆ. ನನ್ನ ಮಗಳ ದೇಹ ಮುಟ್ಟನ್ನು ನಿಲ್ಲಿಸಿತ್ತು.

ನೆನಪಿನ ಮಾತೂ ಇಷ್ಟೇ ಮುಖ್ಯ. 1968ರಲ್ಲಿ ಬ್ರೂಸ್ ಮ್ಯಾಕ್‌ಇವೆನ್ ಎಂಬ ವಿಜ್ಞಾನಿ ಮತ್ತು ಜೊತೆಯವರು ಇಲಿಗಳಲ್ಲಿ ಒಂದು ವಿಷಯ ಕಂಡರು. ಒತ್ತಡದ ಹಾರ್ಮೋನು ಹೋಗಿ ಅಂಟಿಕೊಳ್ಳುವುದು ಹಿಪ್ಪೊಕ್ಯಾಂಪಸ್ಸಿನಲ್ಲಿ. ಹೊಸದನ್ನು ಕಲಿತು ನೆನಪಿಡಲು ಬೇಕಾದ ಮಿದುಳಿನ ಭಾಗವೇ ಅದು. ಇಲಿಗೆ ಆದದ್ದೆಲ್ಲ ಮಗುವಿಗೂ ಹಾಗೇ ಆಗುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ಓದಿದ್ದು ಉಳಿಯಲು ನಿದ್ದೆ ಬೇಕು ಅನ್ನುವುದರಲ್ಲಿ ಸಂಶಯ ಇಲ್ಲ. ನಿದ್ದೆ ಕಸಿದುಕೊಂಡು ಪಾಠ ತುಂಬಿಸಿದರೆ ಅದು ಉಳಿಯುವುದು ಎಲ್ಲಿ?

ಒಂಬತ್ತಕ್ಕೆ ಮಲಗಿಸಿ ಅಂತ ಎಲ್ಲರೂ ಸುಲಭವಾಗಿ ಹೇಳುತ್ತಾರೆ. ಹದಿಹರೆಯದಲ್ಲಿ ನಿದ್ದೆ ತರುವ ಮೆಲಟೋನಿನ್ ರಾತ್ರಿ ತಡವಾಗಿ ಏರುತ್ತದೆ. ಬೇಗ ನಿದ್ದೆ ಬಾರದಿರುವುದು ಆ ವಯಸ್ಸಿನ ದೇಹದ ಗುಣ, ಅದನ್ನು ಸೋಮಾರಿತನ ಅನ್ನಬೇಡಿ. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಬೆಳವಣಿಗೆಯ ಹಾರ್ಮೋನು ಜಾಸ್ತಿ ಬರುವುದೂ ಗಾಢ ನಿದ್ದೆಯಲ್ಲೇ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲೇ ಈ ವಯಸ್ಸಿನವರಿಗೆ ಬೆಳಿಗ್ಗೆ 8.30ಕ್ಕಿಂತ ಮೊದಲು ಶಾಲೆ ಬೇಡ ಅಂತ ಹೇಳಿತು. ಕ್ಯಾಲಿಫೋರ್ನಿಯಾದ ಬಹುತೇಕ ಹೈಸ್ಕೂಲುಗಳಿಗೆ 2022ರಿಂದ ಅದು ಕಾನೂನಾಗಿದೆ. ನಾವು ಇಲ್ಲಿ ಆರೂವರೆ ಸಾಕಾ, ಆರು ಮಾಡಬೇಕಾ ಅಂತ ಪೋಷಕರ ಸಭೆಯಲ್ಲಿ ಚರ್ಚೆ ಮಾಡುತ್ತೇವೆ.

ಸ್ವಲ್ಪ ಒತ್ತಡ ಒಳ್ಳೆಯದು ಅನ್ನುವವರು ಮಕ್ಕಳನ್ನು ಕುಕ್ಕರ್ ಅಂದುಕೊಂಡಿದ್ದಾರಾ? ಸೀಟಿ ಹೊಡೆಸಿದಷ್ಟೂ ಬೇಯುತ್ತದೆ ಅಂತ? ಬಡ ಮಕ್ಕಳಿಗೆ ಮನೆಯಲ್ಲಿ ಓದಲು ಜಾಗ ಇಲ್ಲ ಅನ್ನುತ್ತಾರೆ. ಬಡ ಮಕ್ಕಳಿಗೆ ನಿದ್ದೆ ಬೇಡವಾ?

ನಮ್ಮ ಕಡೆ ಇನ್ನೊಂದು ಭಯ ಇದೆ. ಡಿಸೆಂಬರ್, ಜನವರಿಯಲ್ಲಿ ಐದೂವರೆಗೆ ಹೊರಟರೆ ಕತ್ತಲು, ಮೇಲೆ ಮಂಜು. ತೋಟದ ದಾರಿಯಲ್ಲಿ ಹತ್ತು ಅಡಿ ಆಚೆ ಕಾಣುವುದಿಲ್ಲ. ಆನೆ ಇದೆ ಅಂತ ಹಿಂದಿನ ರಾತ್ರಿ ಅರಣ್ಯ ಇಲಾಖೆಯಿಂದ ಮೆಸೇಜ್ ಬಂದಿರುತ್ತದೆ. ಕಾಫಿ ಹಣ್ಣು ಕುಯ್ಯುವ ಆಳುಗಳು ಬೆಳಕು ಹರಿಯಲಿ ಅಂತ ಕಾಯುತ್ತಾರೆ. ಹದಿನೈದು ವರ್ಷದ ಹುಡುಗಿಯರು ಮೊಬೈಲ್ ಟಾರ್ಚ್ ಹಿಡಿದು ನಡೆಯುತ್ತಾರೆ.

ಜನವರಿ ಮೂರನೇ ವಾರದಿಂದ ಅವಳನ್ನು ಬೆಳಗಿನ ಕ್ಲಾಸಿಗೆ ಕಳಿಸಲಿಲ್ಲ. ಶಾಲೆಯಿಂದ ಎರಡು ಸಲ ಫೋನ್ ಬಂತು, ಪೂರ್ವಸಿದ್ಧತಾ ಪರೀಕ್ಷೆ ಹತ್ತಿರ ಇದೆ, ಈಗ ಬಿಡಿಸಬೇಡಿ ಅಂದರು. ಮೊದಲ ವಾರ ಅವಳು ಏಳೂವರೆವರೆಗೆ ಮಲಗಿದಳು. ಆಮೇಲೆ ಒಂದು ದಿನ ತಾನೇ ಅಡುಗೆಮನೆಗೆ ಬಂದು ಅಕ್ಕಿರೊಟ್ಟಿ ಕೇಳಿದಳು. ಪರೀಕ್ಷೆಗೆ ಎರಡು ವಾರ ಇರುವಾಗ ಮುಟ್ಟು ಬಂತು.

ಈಗ ಅವಳು ಪಿಯುಸಿ. ಈ ಜೂನ್‌ಗೆ ಮಗ ಹತ್ತನೇ ತರಗತಿಗೆ ಬರುತ್ತಾನೆ. ಹೋದ ವಾರವೇ ಶಾಲೆಗೆ ಹೋಗಿ ಹೇಳಿ ಬಂದಿದ್ದೇನೆ, ಅವನು ಒಂಬತ್ತೂವರೆಗೆ ಬರುತ್ತಾನೆ, ಅದಕ್ಕಿಂತ ಮೊದಲು ಕಳಿಸುವುದಿಲ್ಲ ಅಂತ. "ನೋಡೋಣ ಮೇಡಂ" ಅಂದರು. ನಾನು ಅದನ್ನೇ ಬರೆದು, ಸಹಿ ಹಾಕಿ, ಆಫೀಸಿನಲ್ಲಿ ಕೊಟ್ಟು ಬಂದೆ.